ಉತ್ತರಕ್ಕೆ ಹೋದ ಮೀನುಗಳು

“ಹಡಗು ಇನ್ನೂ ದಡ ಸೇರಿಲ್ಲ, ಆಗ್ಲೇ ಯಾಕೋ ಹೀಗೆ ಬೆವರ್ತಿದ್ದೀಯ?” ಎಂದು ಅಣ್ಣ ಕೇಳಿದ.

ತಮ್ಮ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ವರ್ಷಗಟ್ಟಲೆ ನುಂಗಿಕೊಂಡ ಮಾತೊಂದಿತ್ತು. ಹಡಗು ಬರುವುದರೊಳಗೆ ಅದನ್ನು ಹೇಳಿಬಿಡಬೇಕಿತ್ತು.

ಇಬ್ಬರೂ ಬಂದರಿನ ಕಟ್ಟೆಯ ಮೇಲೆ ನಡೆಯುತ್ತಿದ್ದರು. ಅಣ್ಣ ಮೀನು ವಿಜ್ಞಾನಿ. ಅಂಥದ್ದೊಂದು ಉದ್ಯೋಗ ಉಂಟೆಂದು ಊರಿಗೆ ಗೊತ್ತಾದದ್ದೇ ಅವನಿಂದ. ಮೀನನ್ನು ತಿನ್ನುವುದು ಬಿಟ್ಟು ಅಳತೆಪಟ್ಟಿ ಹಿಡಿದು ಅಳೆಯುವವನನ್ನು ಕಂಡು ಮೊದಮೊದಲು ಜನ ಬಿದ್ದುಬಿದ್ದು ನಕ್ಕಿದ್ದರು. ಈಗ ಸರ್ಕಾರವೇ ಅವನ ಮಾತಿಗೆ ಕಾಯುತ್ತಿತ್ತು. ಕೊಲ್ಲಿಯಲ್ಲಿ ಮೀನು ಬರಿದಾಗುತ್ತಿದೆ, ಸಣ್ಣ ಕಣ್ಣಿನ ಬಲೆಗಳನ್ನು ನಿಲ್ಲಿಸಿ ಎಂದು ಮೀನುಗಾರರು ಅರ್ಜಿ ಹಾಕಿದ್ದರು. ಆ ಮಧ್ಯಾಹ್ನ ಸಮಿತಿ ಸೇರಿ ತೀರ್ಮಾನಿಸಬೇಕಿತ್ತು. ಬಲೆ ನಿಲ್ಲಿಸಬೇಕಾಗಿಲ್ಲ ಎಂಬುದು ಅಣ್ಣನ ವಾದ. ಈ ಮೀನು ನಮ್ಮ ಕೊಲ್ಲಿಯದಲ್ಲ, ದೂರದ ಉತ್ತರಕ್ಕೆ ಹೋಗಿ ಬಂದು ಮಾಡುವ ನೆಂಟ. ಇಲ್ಲಿ ಎಷ್ಟು ಬಾಚಿದರೂ ಮುಗಿಯುವುದಿಲ್ಲ.

ಅದಕ್ಕೆ ಆಧಾರ ಹಿತ್ತಾಳೆಯ ಬಿಲ್ಲೆಗಳು. ಜೀವಂತ ಮೀನಿನ ಕಿವಿರಿನ ಮರೆಯಲ್ಲಿ ಅಣ್ಣ ಉಗುರಿನಷ್ಟು ಬಿಲ್ಲೆಯೊಂದನ್ನು ತಂತಿಯಿಂದ ಸಿಕ್ಕಿಸುತ್ತಿದ್ದ. ಮೇಲೆ ಒಂದು ಅಂಕಿ, ಅವನ ವಿಳಾಸ. ಕೈಗೆ ಸಿಕ್ಕವರು ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದು ಬಿಲ್ಲೆಯನ್ನು ವಾಪಸು ಕಳಿಸಬೇಕು. ಹೀಗೆ ಗುರುತು ಹಾಕಿದ ಮೀನುಗಳನ್ನು ತೊಟ್ಟಿಯಲ್ಲಿ ತುಂಬಿಕೊಂಡು, ದೋಣಿಯಲ್ಲಿ ಕೊಲ್ಲಿಯಾಚೆ ಹೋಗಿ ಬಿಟ್ಟುಬರುವುದು ತಮ್ಮನ ಕೆಲಸ. ಏಕೆಂದರೆ ಕಡಲಿನ ಈ ಮಹಾಪಂಡಿತ ದೋಣಿ ಹತ್ತಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು.

ಬಹಳ ದಿನ ಒಂದು ಬಿಲ್ಲೆಯೂ ಬರಲಿಲ್ಲ. ಕಡೆಗೆ ಉತ್ತರದ ಬಂದರಿನಿಂದ ಲಕೋಟೆಯೊಂದು ಬಂತು. ಒಳಗೆ ಉಪ್ಪು ಹಿಡಿದು ಮಂಕಾದ ಬಿಲ್ಲೆ, ಜೊತೆಗೊಂದು ಚೀಟಿ: “ನಮ್ಮ ಬಂದರಿನಲ್ಲಿ ಸಿಕ್ಕಿತು. ನಿಮ್ಮ ಮೀನು ಸುಖವಾಗಿ ಬಂದು ತಲುಪಿದೆ.” ಅಂದು ಅಣ್ಣ ಅಡುಗೆಮನೆಗೆ ಓಡಿ, ಹಿಟ್ಟಿನ ಕೈಯಲ್ಲಿದ್ದ ಅತ್ತಿಗೆಯನ್ನು ಹಿಡಿದು ಕುಣಿಸಿದ್ದ.

ಆಮೇಲೆ ವರ್ಷವರ್ಷವೂ ಬಿಲ್ಲೆಗಳು ಬಂದವು, ಅದೇ ವ್ಯಕ್ತಿಯಿಂದ. “ಪ್ರಿಯ ಕಡಲ ಮಿತ್ರರೇ” ಎಂದು ಅಣ್ಣ ಪುಟಗಟ್ಟಲೆ ಬರೆಯುತ್ತಿದ್ದ. ಅಲ್ಲಿ ನೀರು ಎಷ್ಟು ತಣ್ಣಗಿತ್ತು, ಗಾಳಿ ಯಾವ ಕಡೆಯದು? ಮಿತ್ರರು ನೀರು-ಗಾಳಿಯ ಗೋಜಿಗೇ ಹೋಗದೆ, ಮೀನು ಬಹಳ ಚೆನ್ನಾಗಿದೆ, ಇನ್ನೂ ಬರಲಿ ಎಂದು ಉತ್ತರಿಸುತ್ತಿದ್ದರು. ಯಾವ ಮೀನೂ ದಾರಿಯಲ್ಲಿ ತಡಮಾಡಿದ್ದಿಲ್ಲ. “ಟಿಕೇಟು ತಗೊಂಡು ಹೋಗ್ತಾವೇನೋ,” ಎಂದು ಅತ್ತಿಗೆ ನಗುತ್ತಿದ್ದಳು. ಮನೆಮಂದಿಯೆಲ್ಲ ನಗುವಾಗ ತಮ್ಮ ಮಾತ್ರ ತಲೆ ತಗ್ಗಿಸಿಕೊಂಡು ಎದ್ದುಹೋಗುತ್ತಿದ್ದ.

ಈಗ ಆ ಮಿತ್ರರೇ ಸಮಿತಿಯ ಮುಂದೆ ಸಾಕ್ಷಿ ಹೇಳಲು ಬರುತ್ತಿದ್ದರು. ಮೀನನ್ನು ಎಲ್ಲಿ ಬಿಟ್ಟೆ, ಯಾವ ಸೆಳೆತದಲ್ಲಿ ಬಿಟ್ಟೆ ಎಂದು ಕಡಲು ಬಲ್ಲವರು ಒಂದೇ ಒಂದು ಪ್ರಶ್ನೆ ಕೇಳಿದರೂ ಸಾಕು, ಅಣ್ಣನ ಮುಖಕ್ಕೆ ಎಲ್ಲರೆದುರು ಮಸಿ.

“ಅಣ್ಣಾ, ನಾನು ಕೊಲ್ಲಿ ದಾಟೇ ಇಲ್ಲ.”

ಅಣ್ಣ ಗಕ್ಕನೆ ನಿಂತ.

“ಮೊದಲ್ನೇ ಸಲ ಅಲೆ ಜೋರಿತ್ತು. ಆಗಷ್ಟೇ ಮದುವೆಯಾಗಿತ್ತು ನಂಗೆ. ಹೆದರ್ಕೊಂಡೆ. ಇಲ್ಲೇ, ಈ ತಡೆಗೋಡೆ ಒಳಗೇ ತೊಟ್ಟಿ ಬಗ್ಗಿಸಿಬಿಟ್ಟೆ. ಯಾರೂ ಕೇಳ್ಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ನಿನ್ನ ನಕ್ಷೆ ನೋಡಿದಾಗೆಲ್ಲ ನಂಗೆ ಊಟ ಸೇರ್ತಿರ್ಲಿಲ್ಲ ಅಣ್ಣಾ.”

ಅವನು ಬೆರಳು ತೋರಿಸಿದ ಕಡೆ ಬಂದರಿನ ದೋಣಿಗಳು ಬಲೆ ಎಳೆಯುತ್ತಿದ್ದವು. ಹಿಂದೆ ಬುಟ್ಟಿಗಟ್ಟಲೆ ಬರುತ್ತಿದ್ದಲ್ಲಿ ಈಗ ಬುಟ್ಟಿಯ ತಳ ಮುಚ್ಚಿದರೆ ಹೆಚ್ಚು. ಬಂದಷ್ಟನ್ನು ಹೆಂಗಸರು ಹಾಗೆಹಾಗೇ ಉಪ್ಪಿನ ಶೆಡ್ಡಿಗೆ ಹೊತ್ತು ಓಡುತ್ತಿದ್ದರು. ಬುಟ್ಟಿಯ ಲೆಕ್ಕದಲ್ಲಿ ಕೂಲಿ. ಒಂದೊಂದೇ ಮೀನನ್ನು ತಿರುಗಿಸಿ ನೋಡಲು ಯಾರಿಗೆ ಪುರುಸೊತ್ತು?

ಅಣ್ಣ ತಡೆಗೋಡೆಯತ್ತ ಒಮ್ಮೆ, ತಮ್ಮನತ್ತ ಒಮ್ಮೆ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ.

“ಅಷ್ಟೇನಾ? ಲೋ ಪೆದ್ದ, ಇಷ್ಟಕ್ಕಾ ಇಷ್ಟು ವರ್ಷ ಕೊರಗಿದ್ದು? ನೀನು ಎಲ್ಲಿ ಬಿಟ್ರೇನು, ಅವು ಉತ್ತರ ಸೇರಿದ್ದು ಸುಳ್ಳಾ? ತಡೆಗೋಡೆ ಒಳಗೆ ಬಿಟ್ರೂ ಅಲ್ಲೀವರೆಗೆ ಹೋಗಿವೆ ಅಂದ್ರೆ ನನ್ನ ವಾದ ಇನ್ನೂ ಗಟ್ಟಿ ಆಯ್ತು. ನಿನ್ನ ತಪ್ಪನ್ನ ಮೀನುಗಳೇ ಸರಿಮಾಡಿಬಿಟ್ಟಿವೆ ಕಣೋ.”

ತಮ್ಮನ ಕಣ್ಣು ತುಂಬಿ ಬಂತು. ಅಣ್ಣ ಹೆಗಲ ಮೇಲೆ ಕೈಹಾಕಿದ. ಹೀಗೆ ಇಬ್ಬರೂ ಜೊತೆಯಾಗಿ ನಡೆದು ಎಷ್ಟೋ ಕಾಲವಾಗಿತ್ತು.

ಹಡಗು ದಡ ಸೇರಿತು. ಹಲಗೆಯ ಮೇಲೆ ಶೆಡ್ಡಿನ ಪೀಪಾಯಿಗಳನ್ನು ಉರುಳಿಸಿ ಹಡಗಿಗೆ ಏರಿಸಲು ಶುರುಮಾಡಿದ್ದ ಕೂಲಿಗಳ ನಡುವೆ ದಾರಿ ಮಾಡಿಕೊಂಡು ದಪ್ಪನೆಯ ಮುದುಕನೊಬ್ಬ ತೂರಾಡುತ್ತ ಇಳಿದ. ಮುಖ ಬಿಳಿಚಿಕೊಂಡಿತ್ತು. ಕೋಟಿನ ಎದೆಗೆ ಸಿಕ್ಕಿಸಿಕೊಂಡಿದ್ದ ಹಿತ್ತಾಳೆ ಬಿಲ್ಲೆಯಿಂದ ಗುರುತು ಹಿಡಿದ ಅಣ್ಣ ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡ. ಮೆತ್ತನೆಯ ಕೈಗಳು.

“ಕಡೆಗೂ ಕಡಲ ಮಿತ್ರರ ದರ್ಶನ ಆಯ್ತು! ಪ್ರಯಾಣ ಸುಖವಾಗಿತ್ತಾ?”

“ಎಲ್ಲಿಯ ಸುಖ ಸ್ವಾಮೀ, ಕರುಳೇ ಕಿತ್ತು ಬಂದ ಹಾಗಾಯ್ತು! ಹುಟ್ಟಿದ ಮೇಲೆ ನಾನು ಕಡಲಿಗಿಳಿದಿದ್ದು ಇದೇ ಮೊದ್ಲು.”

ಅಣ್ಣನ ನಗು ಮುಖದ ಮೇಲೆ ಹಾಗೇ ಉಳಿಯಿತು. ತಮ್ಮ ಮೆಲ್ಲನೆ ಕೇಳಿದ: “ಹಾಗಾದ್ರೆ ಆ ಬಿಲ್ಲೆಗಳು ನಿಮಗೆ ಸಿಕ್ಕಿದ್ದೆಲ್ಲಿ?”

ಮುದುಕ ಪಕ್ಕದಲ್ಲೇ ಉರುಳಿ ಬರುತ್ತಿದ್ದ ಪೀಪಾಯಿಯ ಬೆನ್ನು ತಟ್ಟಿದ: “ಇನ್ನೆಲ್ಲಿ, ಇದರೊಳಗೆ. ನಮ್ಮ ಅಂಗಡಿಗೆ ಉಪ್ಪುಮೀನು ಬರೋದೇ ನಿಮ್ಮ ಬಂದರಿನಿಂದ ಅಲ್ವಾ?”