ತೊಟ್ಟಿಯ ನೀರು

ಬಚ್ಚಲಲ್ಲಿ ತೊಟ್ಟಿಯ ನೀರು ಗೊಳಗೊಳ ಇಳಿದುಹೋಗುವ ಸದ್ದು ಕೇಳಿ ಸುಮಿಯೆ ಸೌಟು ಹಿಡಿದವಳು ಹಾಗೇ ನಿಂತಳು. ಅಲ್ಲಿಯ ರೂಢಿಯಂತೆ, ಹೊರಗೇ ಮೈ ತೊಳೆದುಕೊಂಡು, ಅತಿಥಿಯ ನಂತರ ಮನೆಯವರೆಲ್ಲ ಸರದಿಯಲ್ಲಿ ಇಳಿಯಬೇಕಾದ ಬಿಸಿನೀರು ಅದು. ಎರಡು ವರ್ಷದಿಂದ ಯಾರೆದುರೂ ಮಹಡಿಯ ಕೋಣೆ ಬಿಟ್ಟು ಬಾರದ ಮಗ ತೊಮೊಕಿ, ಬೆಳಿಗ್ಗೆ ಬಾಗಿಲ ಹಿಂದಿನಿಂದಲೇ, "ಆ ಹುಡುಗಿ ಸ್ನಾನ ಆದ್ಮೇಲೆ ನಾನೂ ಇಳೀತೀನಮ್ಮ, ಊಟಾನೂ ಕೆಳಗೇ" ಎಂದಿದ್ದ.

ಯುವಜನರ ತಂಡದೊಡನೆ ಇಂಡೋನೇಷ್ಯಾದಿಂದ ಬಂದು ಮೂರು ದಿನದಿಂದ ಅವರಲ್ಲೇ ಉಳಿದಿದ್ದ ವುಲಾನ್, ಅಂದೇ ಮೊದಲ ಸಲ ತೊಟ್ಟಿಗಿಳಿದವಳು, ಒದ್ದೆ ಕೂದಲಲ್ಲಿ ನಗುತ್ತ ಬಂದಳು. "ಅಮ್ಮಾ, ನೀರೆಲ್ಲ ಬಿಟ್ಟು ತೊಟ್ಟಿ ಉಜ್ಜಿಟ್ಟಿದ್ದೀನಿ."

ಮೆಟ್ಟಿಲ ನಡುವೆ ಟವೆಲ್ ಹಿಡಿದು ತೊಮೊಕಿ ನಿಂತಿದ್ದ. "ಇಪ್ಪತ್ತೇ ನಿಮಿಷ ಕಣೋ, ಮತ್ತೆ ತುಂಬಿಸ್ತೀನಿ" ಎಂದಳು ಸುಮಿಯೆ. ಪತ್ರಿಕೆಯಿಂದ ತಲೆಯೆತ್ತದೆ ಗಂಡ, "ನಾವು ಎರಡು ವರ್ಷ ಕಾದಿಲ್ವಾ? ರಾಯರು ಇಪ್ಪತ್ತು ನಿಮಿಷ ಕಾಯ್ಲಿ ಬಿಡು" ಎಂದ. ತೊಮೊಕಿ ಟವೆಲನ್ನು ನೀಟಾಗಿ ಮಡಚಿ ಮೆಟ್ಟಿಲ ಮೇಲಿಟ್ಟ. "ಬೇಡ ಬಿಡಮ್ಮ." ಮೇಲೆ ಚಿಲಕ ಬಿದ್ದ ಸದ್ದಾಯಿತು.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಅಮ್ಮ?" ವುಲಾನ್ ಮೆಲ್ಲಗೆ ಕೇಳಿದಳು.

"ಇಲ್ಲ ಮಗಳೇ, ಎಷ್ಟು ಚೊಕ್ಕ ತೊಳೆದಿದ್ದೀಯ" ಎಂದ ಸುಮಿಯೆ, ಮೇಜಿನ ಮೇಲೆ ಜೋಡಿಸಿದ್ದ ನಾಲ್ಕನೆಯ ಬಟ್ಟಲನ್ನೆತ್ತಿ, ದಿನಾ ಅವನ ಬಾಗಿಲ ಹೊರಗಿಡುವ ಟ್ರೇಗೆ ಇಟ್ಟಳು.