ಜಟ್ಟೆಮ್ಮನ ಉಯಿಲು

"ಸೊಸಿ ಮತ್ತ ಲಗ್ನ ಆದ್ರ ಮನಿ ಆಕಿಗಿಲ್ಲ ಅಂತ ಬರೀರಿ," ಎಂದ ಭಗವಂತರಾಯ.

ಕಗ್ಗದಾಸಪುರದ ವಕೀಲೆ ಸುಪ್ರೀತಾ ಬರೆಯಲಿಲ್ಲ. "ಮನೆ ಇರೋದು ನಿಮ್ಮ ಹೆಂಡ್ತಿ ಹೆಸ್ರಲ್ಲಿ. ಉಯಿಲೂ ಅವ್ರದ್ದೇ. ಅವ್ರೇ ಹೇಳ್ಬೇಕು."

ಜಟ್ಟೆಮ್ಮ ಪಕ್ಕದಲ್ಲಿದ್ದ ಸೊಸೆ ಶಾಂಭವಿಯನ್ನು ನೋಡಿದಳು. ಮಗ ಸತ್ತ ಮೇಲೆ ಅತ್ತೆ-ಮಾವ ಇಬ್ಬರನ್ನೂ ದುಡಿದು ಸಾಕುತ್ತಿದ್ದವಳು ತಲೆ ತಗ್ಗಿಸಿ ಸೆರಗು ಹಿಂಡುತ್ತಿದ್ದಳು.

"ಸುಮ್ನ ಹೂಂ ಅನ್ನು," ಭಗವಂತರಾಯ ಹೆಂಡತಿಯನ್ನು ಗದರಿದ.

"ಹೆಂಡ್ತಿ ಸತ್ತ ಮೂರೇ ತಿಂಗಳಿಗೆ ನಿಮ್ಮ ತಮ್ಮ ಮತ್ತ ಲಗ್ನ ಆದ. ಅವನ ಹೊಲ ಯಾರರ ಕಸಗೊಂಡ್ರೇನು?" ಜಟ್ಟೆಮ್ಮನ ದನಿಗೆ ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿದರು. "ಮೇಡಂ, ನನ್ನ ನಂತರ ಮನಿ ಶಾಂಭವಿದು. ಆಕಿ ಲಗ್ನ ಆಗ್ಲಿ, ಬಿಡ್ಲಿ."

ಭಗವಂತರಾಯ ಕುರ್ಚಿ ನೂಕಿ ಎದ್ದು ನಡೆದ. ಶಾಂಭವಿ ಗಾಬರಿಯಿಂದ ಹಿಂದೆ ಹೋಗಲು ಎದ್ದಳು.

ಜಟ್ಟೆಮ್ಮ ಅವಳ ಕೈ ಹಿಡಿದು ಕೂರಿಸಿದಳು. "ಅವರು ಹೋಗ್ಲಿ. ನೀವು ಬರೀರಿ, ಮೇಡಂ."