ಅಪ್ಪ ಸುತ್ತಿದ ತಾಮ್ರದ ತಂತಿ

ಫ್ಯೂಸ್ ಸುಟ್ಟ ವಾಸನೆ ಎಲ್ಲಿ ಬಂದರೂ ನಾನು ಈಗಲೂ ಅಂಗೈಗೆ ಉಸಿರು ಬಿಟ್ಟು ನೋಡಿಕೊಳ್ಳುತ್ತೇನೆ.

ಜವಳಗಿರಿಯಲ್ಲಿ ಜಡಿಮಳೆ ಹಿಡಿದಿದ್ದ ಮಧ್ಯಾಹ್ನ ಅದು. ನಮ್ಮ ರೇಷ್ಮೆಹುಳು ಮನೆಯ ಹೀಟರಿನ ಕಾಯಿಲ್ ತುಂಡಾಗಿತ್ತು. ತಟ್ಟೆಗಳಲ್ಲಿ ಪುಟ್ಟ ಹುಳುಗಳು ಚಳಿಗೆ ಸೊಪ್ಪು ಮುಟ್ಟದೆ ಬಿದ್ದಿದ್ದವು.

"ಕೆಂಡ ಇಡಾನಾ ಅಂದ್ರೆ ಸೌದೆಯೆಲ್ಲ ನೆಂದವೆ. ಏನಾದ್ರೂ ಮಾಡ್ಲಾ," ಎಂದಳು ಅಜ್ಜಿ.

ಅಪ್ಪ ಹಳೆಯ ಮೋಟಾರಿನಿಂದ ಬಿಚ್ಚಿಟ್ಟಿದ್ದ ತಾಮ್ರದ ತಂತಿಯನ್ನು ಅಟ್ಟದಿಂದ ಇಳಿಸಿದ. "ಇದು ತಾಮ್ರ ಕಣವ್ವಾ, ಕರೆಂಟು ನೀರಂಗೆ ಹರೀತದೆ," ಎನ್ನುತ್ತ, ಹೀಟರಿಗೆ ಒಂದೊಂದೇ ಸುತ್ತು ಕೂರಿಸಿ, ನನಗೆ ಸ್ವಿಚ್ ಒತ್ತಲು ಹೇಳಿದ.

ಫಟ್ಟೆಂದು ಫ್ಯೂಸ್ ಹೋಯಿತು. ಮತ್ತೆ ಕಟ್ಟಿದ, ಮತ್ತೆ ಹೋಯಿತು. ಮೂರನೆಯ ಸಲ ಕಂಬದಲ್ಲೇ ಕಿಡಿ ಹಾರಿ ಬೀದಿಗೆಲ್ಲ ಕರೆಂಟು ಹೋಯಿತು.

ಅಪ್ಪ ತಂತಿಯ ಮೇಲೆ ಅಂಗೈ ಇಟ್ಟ. "ಬೆಚ್ಚಗೇ ಆಗ್ಲಿಲ್ವಲ್ಲವ್ವಾ. ಮನೇಲಿದ್ದ ಒಳ್ಳೇ ತಂತೀನೇ ಹಾಕಿದ್ನಲ್ಲ." ಹೀಟರಿನ ತಂತಿ ಕರೆಂಟನ್ನು ತಡೆದರೆ ಮಾತ್ರ ಕಾಯುತ್ತದೆ, ತಾಮ್ರ ತಡೆಯುವುದೇ ಇಲ್ಲ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ ಒಂದು ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಬಾಗಿ, ಹುಳುಗಳ ಮೇಲೆ ಬಿಸಿಯುಸಿರು ಬಿಡತೊಡಗಿದಳು. ನಾನೂ ಇನ್ನೊಂದು ತಟ್ಟೆಗೆ ಬಾಗಿದೆ. ಇನ್ನೂ ಮೂವತ್ತು ತಟ್ಟೆಗಳಿದ್ದವು.